ಅಷ್ಟೊಂದು ನೀರಿದ್ದೂ ಅಂಟಾರ್ಕ್ಟಿಕಾ ಮರುಭೂಮಿ ಹೇಗೆ?

ಪ್ರಶ್ನೆ: ಸಾರ್, ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಮಗಳು ಹೈಸ್ಕೂಲಿನಲ್ಲಿದ್ದಾಳೆ. ಅಂಟಾರ್ಕ್ಟಿಕಾ ಜಗತ್ತಿನ ಅತಿ ದೊಡ್ಡ ಮರುಭೂಮಿ ಅಂತ ಅವಳು ಎಲ್ಲೋ ಓದಿದಳು. ಜಗತ್ತಿನ ಸಿಹಿನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಇದೆ ಅಂತಲೂ ಅದೇ ಪುಟದಲ್ಲಿತ್ತಂತೆ. ಎರಡೂ ನಿಜ ಆಗೋದು ಹೇಗೆ ಅಂತ ಕೇಳಿದಳು, ನನಗೆ ಹೇಳಲು ಬರಲಿಲ್ಲ. ಮಣ್ಣಿಲ್ಲ, ಮರವಿಲ್ಲ, ತಿಂಗಳುಗಟ್ಟಲೆ ಕತ್ತಲೆ. ಅಲ್ಲಿನ ಪ್ರಾಣಿಗಳು ಏನು ತಿಂದು ಬದುಕುತ್ತವೆ? ಹಿಮ ಕರಗುತ್ತಿದೆ ಅಂತ ಸುದ್ದಿ ಬರುತ್ತಲೇ ಇರುತ್ತದೆ. ಘಟ್ಟದ ಮೇಲಿರುವ ನಮಗೆ ಅದರಿಂದ ಏನಾದರೂ ಆಗುತ್ತದೆಯೇ? ಮಗಳಿಗೆ ಅಲ್ಲಿಗೆ ಹೋಗುವ ಆಸೆ ಬೇರೆ. ಅದು ಆಗುವ ಮಾತೇ?

ಉತ್ತರ: ನಿಮ್ಮ ಮಗಳು ಓದಿದ್ದು ಎರಡೂ ನಿಜ. ಅವಳಿಗೆ ಬಂದ ಅನುಮಾನವೂ ಸರಿಯಾದದ್ದೇ. ಅಂಟಾರ್ಕ್ಟಿಕಾ ಅರ್ಥ ಆಗಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು. ಚಳಿ ಅಲ್ಲಿನ ದೊಡ್ಡ ಕಷ್ಟ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜವಾದ ಬರ ಇರುವುದು ನೀರಾಗಿಯೇ ಇರುವ ನೀರಿಗೆ. ಹರಿಯುವ, ಒಸರುವ, ಬೇರಿಗೋ ಬಾಯಿಗೋ ಸಿಗುವ ನೀರಿಗೆ. ಅದು ಸಿಗುವ ಕಡೆ ಜೀವ ಇದೆ. ಸಿಗದ ಕಡೆ ಬರೀ ಬಿಳುಪು, ಬರೀ ಕಲ್ಲು. ನೆಲದ ಮೇಲೂ ಇದೇ ಲೆಕ್ಕ, ಸಮುದ್ರದಲ್ಲೂ ಇದೇ ಲೆಕ್ಕ. ಈಗ ನಮಗೆಲ್ಲ ಆತಂಕ ಹುಟ್ಟಿರುವುದೂ ಇದರಿಂದಲೇ. ಗಟ್ಟಿಯಾಗಿ ಇರಬೇಕಾದ ಜಾಗದಲ್ಲಿ ನೀರು ನೀರಾಗುತ್ತಿದೆ.

ಮೊದಲು ಮಳೆಯ ಲೆಕ್ಕ ನೋಡೋಣ. ತೋಟದವರು ಮಳೆಯನ್ನು ಇಂಚಿನಲ್ಲೇ ಬರೆದಿಡುತ್ತೀರಿ, ಅಲ್ವಾ? ನಾನೂ ಇಂಚಿನಲ್ಲೇ ಹೇಳುತ್ತೇನೆ. ಮೂಡಿಗೆರೆಯಲ್ಲಿ ಒಳ್ಳೆಯ ಮಳೆಗಾಲ ಅಂದರೆ 80–90 ಇಂಚು. ಘಟ್ಟದಂಚಿನ ಊರುಗಳಲ್ಲಿ ಇನ್ನೂ ಜಾಸ್ತಿ. ಅದೇ ಜಿಲ್ಲೆಯ ಕಡೂರಿಗೆ ಇಳಿದರೆ 25 ಇಂಚಿನ ಆಸುಪಾಸು. ಇನ್ನು ಅಂಟಾರ್ಕ್ಟಿಕಾದ ಒಳಭಾಗದ ಎತ್ತರದ ಬಯಲಿಗೆ ಬನ್ನಿ. ಅಲ್ಲಿ ವರ್ಷವಿಡೀ ಬಿದ್ದ ಹಿಮವನ್ನು ಕರಗಿಸಿ ಅಳೆದರೆ ಎರಡು ಇಂಚು ತುಂಬುವುದಿಲ್ಲ. ನಿಮ್ಮಲ್ಲಿ ಮಾರ್ಚ್‌ನಲ್ಲಿ ಕಾಫಿ ಹೂ ಬಿಡಿಸುವ ಒಂದು ಹೂಮಳೆ, ಅದರ ಹಿಂದೆ ಕಾಯಿ ಕಟ್ಟಲು ಬೇಕಾದ ಒಂದು ಬ್ಯಾಕಿಂಗ್ ಮಳೆ, ಅಷ್ಟೇ. ಅಲ್ಲಿಗೆ ಅದು ಇಡೀ ವರ್ಷದ ಪಾಲು. ಕರಾವಳಿಯನ್ನೂ ಸೇರಿಸಿ ಇಡೀ ಖಂಡದ ಸರಾಸರಿ ತೆಗೆದರೂ ಆರೇಳು ಇಂಚು. ಮರುಭೂಮಿ ಅಂತ ತೀರ್ಮಾನ ಮಾಡುವುದು ಹೀಗೆ ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ನೋಡಿ. ನೆಲದ ಮೇಲೆ ಎಷ್ಟು ಕೂತಿದೆ ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಅಷ್ಟು ಕಡಿಮೆ ಯಾಕೆ ಬೀಳುತ್ತದೆ? ತಣ್ಣನೆಯ ಗಾಳಿಗೆ ತೇವ ಹೊರುವ ಶಕ್ತಿ ಇಲ್ಲ. ಮಳೆಗಾಲದ ನಿಮ್ಮ ತೋಟದಂತೆ 20 ಡಿಗ್ರಿ ಇರುವ ಕಡೆ, ಒಂದು ಘನಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮೈನಸ್ 50 ಡಿಗ್ರಿಯಲ್ಲಿ ಅಷ್ಟೇ ಗಾಳಿಗೆ ಒಂದು ಗ್ರಾಮಿನ ಹತ್ತನೇ ಒಂದು ಭಾಗವನ್ನೂ ಹಿಡಿಯಲಾಗುವುದಿಲ್ಲ. ಗಾಳಿಯಲ್ಲೇ ಇಲ್ಲದ ಮೇಲೆ ಬೀಳುವುದೆಲ್ಲಿಂದ?

ಆದರೆ ಬಿದ್ದದ್ದು ಹೋಗುವುದೂ ಇಲ್ಲ. ಗುಟ್ಟು ಇರುವುದು ಇಲ್ಲಿ. ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಲ್ಲಿ ಹಿಮ ನಿಲ್ಲಲು ಶುರುವಾಯಿತು. ಒಂದು ವರ್ಷದ ಹಿಮದ ಮೇಲೆ ಇನ್ನೊಂದು ವರ್ಷದ್ದು ಕೂತು, ಕೆಳಗಿನದು ಒತ್ತಿ ಒತ್ತಿ ಗಟ್ಟಿಯಾದ ಮಂಜುಗಡ್ಡೆಯಾಯಿತು. ಇವತ್ತು ಅದರ ದಪ್ಪ ಸರಾಸರಿ ಎರಡು ಕಿ.ಮೀ. ಹತ್ತಿರ. ಆಳವಿರುವ ಕಡೆ ನಾಲ್ಕೂವರೆ ಕಿ.ಮೀ. ಮೀರುತ್ತದೆ. ಖಂಡದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿ.ಮೀ. ಅಂದರೆ ನಾಲ್ಕು ಭಾರತಕ್ಕಿಂತ ದೊಡ್ಡದು. ಅದರಲ್ಲಿ ಶೇಕಡಾ 98 ಭಾಗ ಹಿಮದಡಿಯಲ್ಲಿದೆ. ಜಗತ್ತಿನ ಒಟ್ಟು ಮಂಜುಗಡ್ಡೆಯಲ್ಲಿ ಶೇಕಡಾ 90ರಷ್ಟು ಅಲ್ಲೇ ಇದೆ.

ಅಂದಮಾತ್ರಕ್ಕೆ ಅದು ಸುಮ್ನೆ ಬಿದ್ದಿರುವ ಗಡ್ಡೆ ಅಂತ ತಿಳಿಯಬೇಡಿ. ಕಾವಲಿಯ ಮಧ್ಯೆ ಹುಯ್ದ ದೋಸೆ ಹಿಟ್ಟಿನ ಹಾಗೆ, ಅದು ತನ್ನ ಭಾರಕ್ಕೆ ತಾನೇ ಅಂಚಿನ ಕಡೆ ಹರಡುತ್ತಿರುತ್ತದೆ. ಒಳಗೆ ವರ್ಷಕ್ಕೆ ಕೆಲವು ಮೀಟರ್ ಸರಿದರೆ, ಅಂಚಿನ ಹಿಮನದಿಗಳಲ್ಲಿ ವರ್ಷಕ್ಕೆ ಕಿ.ಮೀ. ಗಟ್ಟಲೆ ಸರಿಯುತ್ತದೆ. ಕೊನೆಗೆ ಸಮುದ್ರಕ್ಕೆ ತಲುಪಿ, ಒಡೆದು ತೇಲಿಹೋಗುತ್ತದೆ. ಹಾಗಾಗಿ ಮೊದಲು ಬಿದ್ದ ಹಿಮ ಇವತ್ತು ಅಲ್ಲಿಲ್ಲ. ಆದರೂ ಡೋಮ್ ಸಿ ಅನ್ನುವ ಕಡೆ ಕೊರೆದು ತೆಗೆದ ಮಂಜುಗಡ್ಡೆಯ ತಳ ಎಂಟು ಲಕ್ಷ ವರ್ಷ ಹಳೆಯದಾಗಿತ್ತು. ಅಲ್ಲೇ ಹತ್ತಿರದಲ್ಲಿ ಕೊರೆದವರಿಗೆ 2025ರ ಆರಂಭದಲ್ಲಿ ಹನ್ನೆರಡು ಲಕ್ಷ ವರ್ಷದಷ್ಟು ಹಳೆಯ ಗಡ್ಡೆಯೂ ಸಿಕ್ಕಿತು.

ಎತ್ತರದ ಅಂದಾಜು ಬೇಕಾದರೆ ಮುಳ್ಳಯ್ಯನಗಿರಿಯನ್ನೇ ನೆನೆಯಿರಿ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಸುಮಾರು 1,930 ಮೀಟರ್. ದಕ್ಷಿಣ ಧ್ರುವದಲ್ಲಿ ನೀವು ಚಪ್ಪಟೆ ಬಯಲಿನಲ್ಲಿ ನಿಂತಿರುತ್ತೀರಿ. ಆದರೂ ಮುಳ್ಳಯ್ಯನಗಿರಿಯ ತುದಿಗಿಂತ 900 ಮೀಟರ್ ಮೇಲಿರುತ್ತೀರಿ. ಕಾಲ ಕೆಳಗೆ 2,700 ಮೀಟರ್ ಬರೀ ಮಂಜುಗಡ್ಡೆ. ಬಂಡೆ ಅದರಡಿ. ಇನ್ನೂ ಒಳಗೆ, ಇನ್ನೂ ಎತ್ತರದಲ್ಲಿರುವ ರಷ್ಯಾದ ವೋಸ್ಟೋಕ್ ನೆಲೆಯಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಯಿತು. ನೆಲದ ಮೇಲೆ ಉಪಕರಣ ಇಟ್ಟು ಅಳೆದದ್ದರಲ್ಲಿ ಜಗತ್ತಿನಲ್ಲಿ ಅದಕ್ಕಿಂತ ಕಡಿಮೆ ಇಲ್ಲ.

ಬಿಸಿಲಿಲ್ಲದ್ದರಿಂದ ಚಳಿ ಅಂತ ಜನ ಹೇಳುತ್ತಾರೆ. ಚಳಿಗಾಲದ ಮಟ್ಟಿಗೆ ಅದು ಸರಿ. ಆದರೆ ಡಿಸೆಂಬರ್ ಕೊನೆಯಲ್ಲಿ ಧ್ರುವದಲ್ಲಿ ಇಡೀ 24 ಗಂಟೆ ಸೂರ್ಯ ಇರುತ್ತಾನೆ. ಆಗ ಒಂದು ದಿನದಲ್ಲಿ ಅಲ್ಲಿಗೆ ಬರುವ ಬಿಸಿಲು, ಅದೇ ದಿನ ನಮ್ಮ ಹಾಸನಕ್ಕೆ ಬರುವುದಕ್ಕಿಂತ ಜಾಸ್ತಿ! ಬಂದು ಏನು ಪ್ರಯೋಜನ, ಹೊಸ ಹಿಮ ಅದರಲ್ಲಿ ಶೇಕಡಾ 80ಕ್ಕಿಂತ ಹೆಚ್ಚನ್ನು ಹಾಗೇ ಆಕಾಶಕ್ಕೆ ತಿರುಗಿಸಿ ಕಳಿಸುತ್ತದೆ. ಬಿಳುಪೇ ಚಳಿಯನ್ನು ಕಾಯುತ್ತದೆ. ಇನ್ನು ಗಾಳಿ. ಎತ್ತರದ ಬಯಲಿನ ಮೇಲೆ ತಣಿದು ಭಾರವಾದ ಗಾಳಿ ಕರಾವಳಿಯ ಕಡೆ ಇಳಿಜಾರಿನಲ್ಲಿ ಜಾರಿ ಬರುತ್ತದೆ. ಕೆಲವು ಕಡೆ ಗಂಟೆಗೆ 300 ಕಿ.ಮೀ. ಮುಟ್ಟಿದ್ದುಂಟು. ಆ ಗಾಳಿ ಒಣಗಾಳಿ. ಹಿಮವನ್ನು ನೀರು ಮಾಡದೆ ನೇರವಾಗಿ ಆವಿ ಮಾಡಿಬಿಡುತ್ತದೆ.

ಮ್ಯಾಕ್‌ಮರ್ಡೋ ಒಣಕಣಿವೆಗಳಲ್ಲಿ ಇದರ ಪರಿಣಾಮ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಹಾಸನ ಜಿಲ್ಲೆಗಿಂತ ಚಿಕ್ಕದಾದ ಈ ಪ್ರದೇಶದ ಕಣಿವೆಗಳಲ್ಲಿ ಹಿಮವೇ ನಿಲ್ಲುವುದಿಲ್ಲ. ಬರೀ ಜಲ್ಲಿ, ಮರಳು, ಬಂಡೆ. ದಾರಿ ತಪ್ಪಿ ಬಂದು ಸತ್ತ ಸೀಲ್‌ಗಳು ಕೊಳೆಯದೆ, ಚರ್ಮ ಒಣಗಿ, ಶತಮಾನಗಳಿಂದ ಬಿದ್ದಿವೆ. ಅಲ್ಲಿನ ಟೇಲರ್ ಹಿಮನದಿಯ ಮುಖದಿಂದ ಕೆಂಪು ನೀರು ಒಸರುತ್ತದೆ. 1911ರಲ್ಲಿ ಅದನ್ನು ಮೊದಲು ಕಂಡವರು ಭೂವಿಜ್ಞಾನಿ ಗ್ರಿಫಿತ್ ಟೇಲರ್. ಹಿಮದಡಿ ಸಿಕ್ಕಿಹಾಕಿಕೊಂಡ ಹಳೆಯ ಉಪ್ಪುನೀರು ಅದು. ಉಪ್ಪು ಜಾಸ್ತಿ ಇರುವುದರಿಂದ ಹೆಪ್ಪುಗಟ್ಟಿಲ್ಲ. ಅದರಲ್ಲಿ ಕರಗಿರುವ ಕಬ್ಬಿಣ ಗಾಳಿ ತಾಗಿದ ಕೂಡಲೇ ತುಕ್ಕಾಗಿ ಕೆಂಪಾಗುತ್ತದೆ. ಕೆಮ್ಮಣ್ಣುಗುಂಡಿಯ ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಇಂಥ ತುಕ್ಕೇ. ಬೆಳಕಿಲ್ಲದ, ಗಾಳಿಯಿಲ್ಲದ ಆ ನೀರಿನಲ್ಲೂ ಸೂಕ್ಷ್ಮಜೀವಿಗಳಿವೆ. ಕಬ್ಬಿಣ, ಗಂಧಕಗಳನ್ನೇ ನಂಬಿ ಬದುಕುತ್ತವೆ. ಸುತ್ತ ಎಲ್ಲ ಒಣಗಿದೆ. ಒಂದಿಷ್ಟು ನೀರು ನೀರಾಗಿ ಉಳಿದಿದೆ, ಅಲ್ಲಿ ಜೀವವೂ ಉಳಿದಿದೆ.

ನಾನು ಕಣ್ಣಾರೆ ನೋಡಿದ್ದು ಬೇರೆ ಕಡೆ. ನಾನು ಭೂವಿಜ್ಞಾನದವನು, ಊರು ಹಾಸನ. ಭಾರತದ ತಂಡದ ಜೊತೆ ಒಂದು ಬೇಸಿಗೆ, ಅಲ್ಲಿರುವ ನಮ್ಮ ದೇಶದ ಸಂಶೋಧನಾ ನೆಲೆ ಮೈತ್ರಿಯಲ್ಲಿ ಕಲ್ಲು ಒಡೆದು ಮಾದರಿ ಸಂಗ್ರಹಿಸುವ ಕೆಲಸ ಮಾಡಿದ್ದೇನೆ. ಮೈತ್ರಿ ಇರುವುದು ಶಿರ್ಮಾಕರ್ ಅನ್ನುವ ಬೋಳುಬಂಡೆಗಳ ಸಣ್ಣ ಪಟ್ಟಿಯ ಮೇಲೆ. ಒಟ್ಟು 35 ಚದರ ಕಿ.ಮೀ. ಇರಬಹುದು. ಒಂದು ಕಡೆ ಖಂಡದ ಹಿಮದ ಗೋಡೆ. ಇನ್ನೊಂದು ಕಡೆ ಸಮುದ್ರದ ಮೇಲೆ ಚಾಚಿಕೊಂಡ ತೇಲುಹಿಮ. ನಡುವೆ ನೂರಕ್ಕೂ ಹೆಚ್ಚು ಸಣ್ಣ ಕೆರೆಗಳು. ಮೈತ್ರಿಯವರು ಕುಡಿಯುವುದು ಪಕ್ಕದ ಪ್ರಿಯದರ್ಶಿನಿ ಕೆರೆಯ ನೀರನ್ನೇ.

ಜನವರಿಯಲ್ಲಿ ಗಾಳಿಯ ತಾಪ ಸೊನ್ನೆಯ ಆಚೀಚೆ ಇದ್ದರೂ, ಬಿಸಿಲು ಬಿದ್ದ ಕಪ್ಪು ಬಂಡೆಯನ್ನು ಮುಟ್ಟಿದರೆ ಬೆಚ್ಚಗಿರುತ್ತದೆ. ಅಲ್ಲಿ ಸೂರ್ಯ ಉತ್ತರದ ಕಡೆ ಇರುತ್ತಾನೆ. ಹಾಗಾಗಿ ಉತ್ತರಕ್ಕೆ ಮುಖ ಮಾಡಿದ ಬಂಡೆಯ ಬುಡ ಹುಡುಕಬೇಕು. ಮೇಲಿನ ಹಿಮದ ತುಣುಕು ಕರಗಿ, ಬಂಡೆಯ ಸೀಳಿನಲ್ಲಿ ನೂಲಿನಷ್ಟು ನೀರು ಇಳಿಯುತ್ತಿರುತ್ತದೆ. ಆ ನೂಲಿನ ಎರಡೂ ಪಕ್ಕ ಅಂಗೈ ಅಗಲದಷ್ಟು ಹಾವಸೆ. ಮಂಡಿಯೂರಿ ಕೂತು ನೋಡಿದರೆ ಒತ್ತಾಗಿ ನಿಂತ ಪುಟ್ಟ ಪುಟ್ಟ ಚಿಗುರು. ಮೇಲೆ ಕಂದು, ಒಳಗೆ ಹಸಿರು. ಕಂದು ಬಣ್ಣ ಬಿರುಬಿಸಿಲಿನ ವಿರುದ್ಧ ಅದು ಮಾಡಿಕೊಂಡ ರಕ್ಷಣೆ. ನೂಲಿನಿಂದ ಒಂದು ಮಾರು ಆಚೆ ಹೋದರೆ ಏನೂ ಇಲ್ಲ. ಅದೇ ಬಂಡೆ, ಅದೇ ಬಿಸಿಲು, ಅದೇ ಗಾಳಿ. ನೀರು ಮಾತ್ರ ಇಲ್ಲ. ಅದನ್ನು ತುಳಿಯಬಾರದು ಅಂತ ತಂಡದಲ್ಲಿ ಕಟ್ಟುನಿಟ್ಟು. ಅಲ್ಲಿನ ಹಾವಸೆ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಹೆಚ್ಚು. ಒಂದು ಬೂಟಿನ ಗುರುತು ಮಾಸಲು ದಶಕಗಳೇ ಬೇಕಾಗುತ್ತವೆ.

ಅಲ್ಲೇ ಬಂಡೆಗಳ ಮೇಲೆ ಕಲ್ಲುಹೂವು ಕೂಡ ಇದೆ. ಅಡುಗೆಮನೆಯಲ್ಲಿ ಮಸಾಲೆಗೆ ಹಾಕುತ್ತಾರಲ್ಲ, ನಿಮ್ಮ ತೋಟದ ಹಳೆ ಮರಗಳ ತೊಗಟೆಗೂ ಅಂಟಿಕೊಂಡಿರುತ್ತದಲ್ಲ, ಅದರದೇ ಬಳಗ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವ ಅದು. ಒಣಗಿದಾಗ ಕೆಲಸ ನಿಲ್ಲಿಸಿ ಕಾಯುತ್ತದೆ. ತೇವ ತಾಗಿದರೆ ಮತ್ತೆ ಶುರು. ಒಣಕಣಿವೆಗಳಲ್ಲಿ ಇದರ ಕೆಲವು ಜಾತಿಗಳು ಬಂಡೆಯ ಮೇಲೆ ಇರಲಾಗದೆ ಒಳಗೇ ಸೇರಿಕೊಂಡಿವೆ. ಮರಳುಗಲ್ಲಿನ ಕಣಗಳ ನಡುವೆ, ಕೆಲವೇ ಮಿಲಿಮೀಟರ್ ಆಳದಲ್ಲಿ ಇರುತ್ತವೆ. ಕಲ್ಲಿನ ಮೂಲಕ ಇಳಿಯುವ ಮಸುಕು ಬೆಳಕೇ ಅವಕ್ಕೆ ಸಾಕು.

ಹೂ ಬಿಡುವ ಗಿಡ ಅಂತ ಇಡೀ ಖಂಡಕ್ಕೆ ಎರಡೇ ಜಾತಿ. ಒಂದು ಹುಲ್ಲು, ಒಂದು ಮೆತ್ತೆಯಂತೆ ಬೆಳೆಯುವ ಪುಟ್ಟ ಗಿಡ. ಎರಡೂ ಇರುವುದು ದಕ್ಷಿಣ ಅಮೆರಿಕದ ಕಡೆಗೆ ಚಾಚಿಕೊಂಡಿರುವ, ಸ್ವಲ್ಪ ಬೆಚ್ಚಗಿನ ಪರ್ಯಾಯ ದ್ವೀಪದ ಕಡೆ ಮಾತ್ರ. ಪೂರ್ತಿ ನೆಲದ ಮೇಲೆಯೇ ಬಾಳುವ ಪ್ರಾಣಿಗಳಲ್ಲಿ ಅಲ್ಲಿ ಅತಿ ದೊಡ್ಡದು ಯಾವುದು ಗೊತ್ತೇ? ರೆಕ್ಕೆಯೇ ಇಲ್ಲದ ಒಂದು ಸಣ್ಣ ನೊಣ. ಬೆಲ್ಜಿಕಾ ಅಂತ ಹೆಸರು. ಹೆಚ್ಚೆಂದರೆ ಆರು ಮಿಲಿಮೀಟರ್ ಉದ್ದ. ಮರಿಹುಳುವಾಗಿ ಎರಡು ಚಳಿಗಾಲ ಕಳೆದು, ದೊಡ್ಡದಾದ ಮೇಲೆ ವಾರ ಹತ್ತು ದಿನ ಬದುಕುತ್ತದೆ. ಮೈಯಲ್ಲಿರುವ ನೀರಿನ ಮುಕ್ಕಾಲು ಭಾಗದ ಹತ್ತಿರ ಕಳೆದುಕೊಂಡರೂ ಈ ಮರಿಹುಳು ಸಾಯುವುದಿಲ್ಲ. ಒಳಗೆ ನೀರೇ ಇಲ್ಲದಿದ್ದರೆ ಹೆಪ್ಪುಗಟ್ಟಲು ಏನಿದೆ? ಬರದಿಂದಲೇ ಚಳಿಯನ್ನು ಗೆಲ್ಲುವ ಉಪಾಯ. ನನಗಂತೂ ಪೆಂಗ್ವಿನ್‌ಗಿಂತ ಈ ನೊಣದ ಮೇಲೆ ಅಭಿಮಾನ ಜಾಸ್ತಿ.

ಇನ್ನು ಪ್ರಾಣಿಗಳು ಏನು ತಿನ್ನುತ್ತವೆ ಅನ್ನುವ ನಿಮ್ಮ ಪ್ರಶ್ನೆ. ಪೆಂಗ್ವಿನ್, ಸೀಲ್, ತಿಮಿಂಗಿಲ ಯಾವುದಕ್ಕೂ ಆ ನೆಲ ಊಟ ಹಾಕುವುದಿಲ್ಲ. ಹಾಕುವುದು ಸಮುದ್ರ. ಉಪ್ಪಿನಿಂದಾಗಿ ಸಮುದ್ರದ ನೀರು ಮೈನಸ್ 1.8 ಡಿಗ್ರಿಯವರೆಗೂ ನೀರಾಗಿಯೇ ಇರುತ್ತದೆ. ಮೇಲೆ ಗಾಳಿ ಮೈನಸ್ 40 ಇದ್ದರೂ ಕೆಳಗಿನ ನೀರು ಮೈನಸ್ 1.8ರ ಆಸುಪಾಸಿನಲ್ಲೇ ಇರುತ್ತದೆ. ಚಳಿಗಾಲದಲ್ಲಿ ಸಮುದ್ರದ ಮೇಲ್ಮೈ ಹೆಪ್ಪುಗಟ್ಟುತ್ತಾ ಹೋಗಿ, ಸೆಪ್ಟೆಂಬರ್ ಹೊತ್ತಿಗೆ ಸುಮಾರು 1.8 ಕೋಟಿ ಚದರ ಕಿ.ಮೀ. ಆವರಿಸುತ್ತದೆ. ಖಂಡಕ್ಕಿಂತ ದೊಡ್ಡ ಹಿಮದ ಹೊದಿಕೆ! ಫೆಬ್ರವರಿಗೆ ಅದರಲ್ಲಿ ಆರನೇ ಒಂದು ಭಾಗವೂ ಉಳಿದಿರುವುದಿಲ್ಲ.

ಈ ಹೊದಿಕೆಯನ್ನು ತಲೆಕೆಳಗು ಮಾಡಿ ನೋಡಿದರೆ ಕಂದು ಬಣ್ಣ. ಅದರ ತಳದಲ್ಲಿ, ಉಪ್ಪುನೀರು ತುಂಬಿದ ಸಣ್ಣ ಸಣ್ಣ ರಂಧ್ರಗಳಲ್ಲಿ, ಡಯಾಟಮ್ ಅನ್ನುವ ಏಕಕೋಶದ ಪಾಚಿ ಬೆಳೆಯುತ್ತದೆ. ಹುಲ್ಲುಗಾವಲು ಅಂತ ಇದ್ದರೆ ಅಲ್ಲಿಗೆ ಅದೇ. ಅದನ್ನು ಕೆರೆದು ತಿನ್ನುವುದು ಕ್ರಿಲ್. ಸಿಗಡಿಯ ಜಾತಿಗೆ ಹತ್ತಿರದ್ದು, ಉದ್ದ ಆರು ಸೆಂಟಿಮೀಟರ್ ದಾಟುವುದಿಲ್ಲ. ದಕ್ಷಿಣ ಸಾಗರದಲ್ಲಿರುವ ಕ್ರಿಲ್‌ನ ಒಟ್ಟು ತೂಕ 30 ಕೋಟಿ ಟನ್ನಿಗೂ ಮೀರಿದ್ದು ಅನ್ನುವ ಅಂದಾಜಿದೆ. ಕ್ರಿಲ್ ಮರಿಗಳಿಗೆ ಚಳಿಗಾಲ ಕಳೆಯಲು ಈ ಹಿಮದ ತಳದ ಪಾಚಿಯೇ ಗತಿ. ನೀಲಿ ತಿಮಿಂಗಿಲದಿಂದ ಹಿಡಿದು ಅಡೆಲಿ ಪೆಂಗ್ವಿನ್‌ವರೆಗೆ ಎಲ್ಲರ ಊಟವೂ ಕ್ರಿಲ್ ಮೇಲೆ ನಿಂತಿದೆ. ಸಮುದ್ರದ ಹಿಮ ಕಡಿಮೆಯಾದರೆ ಪಾಚಿ ಕಡಿಮೆ. ಪಾಚಿ ಕಡಿಮೆಯಾದರೆ ಕ್ರಿಲ್ ಕಡಿಮೆ. ಮುಂದಿನದು ನೀವೇ ಊಹಿಸಬಹುದು.

ಆ ಸಾಗರಕ್ಕೂ ಒಂದು ಕೊರತೆ ಇದೆ. ಅದು ಕಬ್ಬಿಣ. ಪಾಚಿಗೆ ಕಬ್ಬಿಣ ಬೇಕು. ಅಷ್ಟು ದೂರಕ್ಕೆ ನೆಲದ ದೂಳು ತಲುಪುವುದು ಕಡಿಮೆ. ತೇಲುವ ಹಿಮಗುಡ್ಡೆಗಳು ಬಂಡೆಯ ಪುಡಿ ಹೊತ್ತು ತಂದು ಸ್ವಲ್ಪ ಕೊಡುತ್ತವೆ. ಕ್ರಿಲ್ ತಿಂದ ತಿಮಿಂಗಿಲಗಳು ಮೇಲೆ ಬಂದು ಹಾಕುವ ಲದ್ದಿಯಲ್ಲಿ ಒಂದಷ್ಟು ಕಬ್ಬಿಣ ಮತ್ತೆ ಪಾಚಿಗೆ ಸಿಗುತ್ತದೆ. ಗೊಬ್ಬರ ಹಾಕುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಬಾಬುಡನ್‌ಗಿರಿಯ ಕಬ್ಬಿಣದ ಅದಿರು ಕೂಡ ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಕೂತದ್ದೇ. ಅದು 250 ಕೋಟಿ ವರ್ಷಕ್ಕೂ ಹಿಂದಿನ ಮಾತು. ಆಗ ಸಮುದ್ರದ ನೀರಿನಲ್ಲಿ ಕಬ್ಬಿಣ ಧಾರಾಳವಾಗಿ ಕರಗಿತ್ತು. ಆಮ್ಲಜನಕ ಹೆಚ್ಚಾದ ಮೇಲೆ ಅದೆಲ್ಲ ತಳಕ್ಕೆ ಇಳಿದುಹೋಯಿತು. ಇವತ್ತು ದಕ್ಷಿಣ ಸಾಗರ ಅದರ ಚೂರಿಗಾಗಿ ಹಸಿದಿದೆ.

ಅಲ್ಲಿನ ಮೀನುಗಳ ರಕ್ತದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಇದೆ. ಹಿಮದ ಹರಳು ಹುಟ್ಟಿದ ಕೂಡಲೇ ಅದಕ್ಕೆ ಅಂಟಿಕೊಂಡು ಬೆಳೆಯದಂತೆ ಹಿಡಿಯುತ್ತದೆ. ಐಸ್‌ಫಿಶ್ ಅನ್ನುವ ಗುಂಪಿನ ಮೀನುಗಳ ರಕ್ತಕ್ಕೆ ಕೆಂಪು ಬಣ್ಣವೇ ಇಲ್ಲ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. ಹಿಮೋಗ್ಲೋಬಿನ್ ಇಲ್ಲದೆಯೂ ಅವು ಬದುಕು ಸಾಗಿಸುತ್ತವೆ.

ಎಂಪರರ್ ಪೆಂಗ್ವಿನ್ ವಿಷಯ ನಿಮ್ಮ ಮಗಳಿಗೆ ಗೊತ್ತಿರಬಹುದು. ಗಂಡು ಹಕ್ಕಿ ಮೊಟ್ಟೆಯನ್ನು ಪಾದದ ಮೇಲೆ ಇಟ್ಟುಕೊಂಡು, ನಡುಚಳಿಗಾಲದ ಕತ್ತಲಲ್ಲಿ, ಎರಡು ತಿಂಗಳಿಗೂ ಮೀರಿ ನಿಲ್ಲುತ್ತದೆ. ಒಟ್ಟು ಉಪವಾಸ ನಾಲ್ಕು ತಿಂಗಳ ಹತ್ತಿರ. ಜನ ಗಮನಿಸದ ಒಂದು ಸಂಗತಿ ಇದೆ. ಅದು ನಿಂತಿರುವುದು ಹೆಚ್ಚಾಗಿ ನೆಲದ ಮೇಲಲ್ಲ, ಹೆಪ್ಪುಗಟ್ಟಿದ ಸಮುದ್ರದ ಮೇಲೆ. ಡಿಸೆಂಬರ್‌ನಲ್ಲಿ ಹಿಮ ಒಡೆಯುವ ಹೊತ್ತಿಗೆ ಮರಿಗೆ ನೀರಿಗಿಳಿಯುವ ಗರಿ ಬಂದಿರಬೇಕು. 2022ರಲ್ಲಿ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ಕಡೆ ಹಿಮ ಮೊದಲೇ ಒಡೆದುಹೋಯಿತು. ಅಲ್ಲಿನ ಐದು ನೆಲೆಗಳಲ್ಲಿ ನಾಲ್ಕರಲ್ಲಿ ಆ ವರ್ಷದ ಒಂದು ಮರಿಯೂ ಉಳಿಯಲಿಲ್ಲ ಅಂತ ಉಪಗ್ರಹ ಚಿತ್ರಗಳು ತೋರಿಸಿದವು. ಅದಕ್ಕೂ ಮೊದಲು, 2013–14ರ ಬೇಸಿಗೆಯಲ್ಲಿ, ಪೂರ್ವ ಅಂಟಾರ್ಕ್ಟಿಕಾದ ಫ್ರೆಂಚ್ ನೆಲೆಯ ಹತ್ತಿರದ ಅಡೆಲಿ ಪೆಂಗ್ವಿನ್‌ಗಳಿಗೂ ಇದೇ ಗತಿ ಆಗಿತ್ತು. ಅಲ್ಲಿ ಒಂದು ಕಾರಣ, ಸಮುದ್ರದ ಹಿಮ ಆ ಸಲ ಬಹಳ ದೂರದವರೆಗೆ ಇತ್ತು, ತಂದೆತಾಯಿ ಊಟಕ್ಕೆ ತುಂಬಾ ದೂರ ಹೋಗಬೇಕಾಯಿತು. ಇನ್ನೊಂದು ಕಾರಣ ಮಳೆ. ಹೌದು, ಮಳೆ. ಮರಿಯ ಮೆದುಗರಿ ಒಣಚಳಿಯನ್ನು ತಡೆಯುತ್ತದೆ. ನೆನೆದರೆ ಕೆಲಸಕ್ಕೆ ಬರುವುದಿಲ್ಲ. ಸಾವಿರಾರು ಮರಿಗಳು ನೆನೆದು, ನಡುಗಿ ಸತ್ತವು. ಮಳೆಯನ್ನು ನೋಡದೆ ಬೆಳೆದ ಜೀವಕ್ಕೆ ಒಂದು ಮಳೆ ಏನು ಮಾಡಬಹುದು ಅನ್ನುವುದನ್ನು ಮಲೆನಾಡಿನಲ್ಲಿ ಕೂತು ಊಹಿಸುವುದು ಕಷ್ಟ.

ಈಗ ಕರಗುವ ವಿಷಯ. ಎರಡು ಹಿಮವನ್ನು ಬೇರೆ ಬೇರೆ ಮಾಡಿ ನೋಡಬೇಕು. ಸಮುದ್ರದ ಮೇಲೆ ತೇಲುವ ಹಿಮ ಕರಗಿದರೆ ಸಮುದ್ರದ ಮಟ್ಟ ಏರುವುದಿಲ್ಲ ಅನ್ನಬಹುದು. ಅದು ಆಗಲೇ ನೀರಿನಲ್ಲಿ ತನ್ನ ಜಾಗ ಹಿಡಿದಿದೆ. ನೆಲದ ಮೇಲೆ ಕೂತ ಹಿಮ ಸಮುದ್ರಕ್ಕೆ ಇಳಿದರೆ ಏರುತ್ತದೆ. ಅಷ್ಟೂ ಇಳಿದರೆ 58 ಮೀಟರ್. ಅದಕ್ಕೆ ಸಾವಿರಾರು ವರ್ಷ ಬೇಕು, ಹೆದರಿಸಲು ಹೇಳುತ್ತಿಲ್ಲ. ನಮ್ಮ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಸಂಬಂಧಪಟ್ಟದ್ದು ಪಶ್ಚಿಮ ಅಂಟಾರ್ಕ್ಟಿಕಾದ ಕೆಲವು ಹಿಮನದಿಗಳು. ಅದರಲ್ಲೂ ಥ್ವೈಟ್ಸ್.

ಥ್ವೈಟ್ಸ್ ಹಿಮನದಿಯ ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿ.ಮೀ. ಅಂದರೆ ಬೀದರ್‌ನಿಂದ ಚಾಮರಾಜನಗರದವರೆಗಿನ ನಮ್ಮ ಇಡೀ ಕರ್ನಾಟಕದಷ್ಟು. ಅದು ಒಂದೇ ಕರಗಿದರೆ ಜಗತ್ತಿನ ಸಮುದ್ರ ಅರ್ಧ ಮೀಟರ್‌ಗೂ ಮೀರಿ ಏರುತ್ತದೆ. ಅದರ ತೊಂದರೆ ಏನೆಂದರೆ, ಅದು ಕೂತಿರುವ ಬಂಡೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಒಳಗೆ ಹೋದಷ್ಟೂ ಇನ್ನೂ ಆಳ. ಮೇಲಿನ ಗಾಳಿ ಅಲ್ಲಿ ಈಗಲೂ ತಣ್ಣಗೇ ಇದೆ. ಕರಗಿಸುತ್ತಿರುವುದು ಕೆಳಗಿನ ನೀರು. ಆಳ ಸಮುದ್ರದಿಂದ ಬರುವ ಆ ನೀರು ಬಿಸಿ ಏನಲ್ಲ. ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಲವು ಡಿಗ್ರಿ ಜಾಸ್ತಿ, ಅಷ್ಟೇ. ಆದರೆ ಅದು ಹಿಮದ ಬುಡಕ್ಕೇ ನುಗ್ಗುತ್ತದೆ. ಬುಡ ಹಿಂದೆ ಸರಿದಷ್ಟೂ ಆಳವಾದ, ದಪ್ಪನಾದ ಹಿಮ ನೀರಿಗೆ ಎದುರಾಗುತ್ತದೆ. ಸರಿಯುವುದು ಇನ್ನೂ ಜೋರಾಗುತ್ತದೆ. ಉಪಗ್ರಹಗಳು 2002ರಿಂದ ಅಳೆದ ಪ್ರಕಾರ ಇಡೀ ಅಂಟಾರ್ಕ್ಟಿಕಾ ವರ್ಷಕ್ಕೆ ಸರಾಸರಿ ಸುಮಾರು 15,000 ಕೋಟಿ ಟನ್ ಮಂಜುಗಡ್ಡೆ ಕಳೆದುಕೊಳ್ಳುತ್ತಿದೆ. ಅದರಲ್ಲಿ ದೊಡ್ಡ ಪಾಲು ಈ ಮೂಲೆಯದ್ದೇ.

ಘಟ್ಟದ ಮೇಲಿನ ನಿಮಗೆ ಏನು ಅಂತ ಕೇಳಿದ್ದೀರಿ. ಮೂಡಿಗೆರೆ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಸಮುದ್ರ ನಿಮ್ಮ ಗೇಟಿಗೆ ಬರುವುದಿಲ್ಲ. ಆದರೆ ನಿಮ್ಮ ಕಾಫಿ ಇಳಿಯುವುದು ಮಂಗಳೂರಿನ ಬಂದರಿಗೆ. ಕುದುರೆಮುಖದ ಕಡೆ ಹುಟ್ಟುವ ನೇತ್ರಾವತಿ ಸಮುದ್ರ ಸೇರುವುದೂ ಅಲ್ಲೇ. ಸಮುದ್ರ ಏರಿದರೆ ಉಪ್ಪುನೀರು ನದಿಯ ಬಾಯಿಂದ ಒಳಗೆ ಬರುತ್ತದೆ, ಬಾವಿಗಳಿಗೆ ಇಳಿಯುತ್ತದೆ. 1993ರಿಂದ ಈಚೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 10 ಸೆಂಟಿಮೀಟರ್‌ನಷ್ಟು ಏರಿದೆ. ಇದರಲ್ಲಿ ಅಂಟಾರ್ಕ್ಟಿಕಾದ ಪಾಲು ಸದ್ಯ ಚಿಕ್ಕದು. ಮುಂದೆ ಎಷ್ಟಾಗುತ್ತದೆ ಅನ್ನುವುದೇ ಚಿಂತೆ. ಇನ್ನೊಂದು ವಿಚಿತ್ರ ಕೇಳಿ. ಅಷ್ಟು ದೊಡ್ಡ ಹಿಮರಾಶಿ ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ತನ್ನ ಕಡೆ ಎಳೆದುಕೊಂಡಿದೆ. ಹಿಮ ಕರಗಿದಾಗ ಆ ಎಳೆತ ಸಡಿಲವಾಗುತ್ತದೆ. ಅಂಟಾರ್ಕ್ಟಿಕಾದ ಪಕ್ಕದ ಸಮುದ್ರ ಇಳಿಯುತ್ತದೆ, ದೂರದ ಸಮುದ್ರ ಸರಾಸರಿಗಿಂತ ಜಾಸ್ತಿ ಏರುತ್ತದೆ. ನಾವು ಆ ದೂರದ ಕಡೆಯವರು.

ನಿಮ್ಮ ಹೂಮಳೆ ಹಿಂದೆಮುಂದೆ ಆಗುವುದಕ್ಕೂ ಅಂಟಾರ್ಕ್ಟಿಕಾಗೂ ನೇರ ಗಂಟು ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಎರಡಕ್ಕೂ ಹಿಂದಿರುವ ಕಾರಣದ ಬಗ್ಗೆ ಮಾತ್ರ ಆ ಹಿಮ ಸಾಕ್ಷಿ ಹೇಳುತ್ತದೆ. ಹಿಮದೊಳಗೆ ಸಿಕ್ಕ ಹಳೆಯ ಗಾಳಿಯ ಗುಳ್ಳೆಗಳನ್ನು ಅಳೆದಿದ್ದಾರೆ. ಎಂಟು ಲಕ್ಷ ವರ್ಷಗಳಲ್ಲಿ, ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 180ರಿಂದ 300 ಭಾಗದ ನಡುವೆಯೇ ಏರಿಳಿದಿದೆ. ಈಗ 420 ದಾಟಿದೆ. ಈ ಅಂಕಿ ನೋಡಿದ ಮೇಲೂ ಇದೆಲ್ಲ ಮಾಮೂಲಿ ಅನ್ನುವವರ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ.

ಕಳೆಗಿಡದ ಮಾತು ಒಂದಿಷ್ಟು ಹೇಳಬೇಕು, ನಿಮಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಲಂಟಾನ ನಮ್ಮ ಕಾಡಿಗೆ ಏನು ಮಾಡಿದೆ ಅಂತ ನೋಡಿದ್ದೀರಿ. ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಮನುಷ್ಯರ ಜೊತೆ ಬಂದ ಒಂದು ಹೊರಗಿನ ಹುಲ್ಲು ಬೇರೂರಿದೆ. ಅದಕ್ಕೇ ಹೋಗುವವರ ಬೂಟಿನ ತಳ, ಜೇಬಿನ ಮೂಲೆ, ವೆಲ್ಕ್ರೋ ಪಟ್ಟಿ ಎಲ್ಲವನ್ನೂ ಉಜ್ಜಿ, ವ್ಯಾಕ್ಯೂಮ್ ಹಿಡಿದು ಬೀಜ ತೆಗೆಯುತ್ತಾರೆ. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾದ ಪರಿಸರ ಒಪ್ಪಂದದ ಪ್ರಕಾರ ಅಲ್ಲಿಗೆ ಹೊರಗಿನ ಮಣ್ಣು ತರುವಂತಿಲ್ಲ. ಗಣಿಗಾರಿಕೆ ಮಾಡುವಂತಿಲ್ಲ. 1994ರಿಂದ ಗಾಡಿ ಎಳೆಯುವ ನಾಯಿಗಳಿಗೂ ಅಲ್ಲಿ ಜಾಗವಿಲ್ಲ. ಭಾರತ 2022ರಲ್ಲಿ ಇದಕ್ಕೆಂದೇ ಸ್ವಂತ ಕಾನೂನು ಮಾಡಿಕೊಂಡಿದೆ.

ಇನ್ನು ಮಗಳ ಆಸೆ. ಖಂಡಿತ ಆಗುವ ಮಾತು. 1983–84ರ ತಂಡದಲ್ಲೇ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ, ಸಾಗರವಿಜ್ಞಾನಿ ಅದಿತಿ ಪಂತ್ ಇದ್ದರು. ಸುದೀಪ್ತಾ ಅವರು ಕೆಲಸ ಮಾಡಿದ್ದು ಈ ಶಿರ್ಮಾಕರ್ ಬಂಡೆಗಳ ಮೇಲೆಯೇ. ಇಸ್ರೋದ ಮಂಗಳಾ ಮಣಿ 2016–17ರಲ್ಲಿ, ಅಲ್ಲಿರುವ ನಮ್ಮ ಇನ್ನೊಂದು ನೆಲೆ ಭಾರತಿಯಲ್ಲಿ ಚಳಿಗಾಲವನ್ನೂ ಸೇರಿಸಿ ಒಂದು ವರ್ಷಕ್ಕೂ ಮೀರಿ ಇದ್ದರು. ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳ ಮಾಹಿತಿ ಇಳಿಸಿಕೊಳ್ಳಲು ಭಾರತಿ ಒಳ್ಳೆಯ ಜಾಗ.

ತಂಡ ಕಳಿಸುವುದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ವಿಜ್ಞಾನಿಗಳೇ ಆಗಬೇಕೆಂದಿಲ್ಲ. ವೈದ್ಯರು, ಅಡುಗೆಯವರು, ಎಲೆಕ್ಟ್ರಿಷಿಯನ್, ವೆಲ್ಡರ್, ಗಾಡಿ ರಿಪೇರಿಯವರು ಎಲ್ಲರೂ ಹೋಗುತ್ತಾರೆ. ಆಯ್ಕೆಯಾದವರಿಗೆ ವೈದ್ಯಕೀಯ ಪರೀಕ್ಷೆ ಗಟ್ಟಿಯಾಗಿ ನಡೆಯುತ್ತದೆ. ಆಮೇಲೆ ಉತ್ತರಾಖಂಡದ ಔಲಿಯಲ್ಲಿ ಹಿಮದ ಮೇಲೆ ನಡೆಯುವ, ಬಿರುಕಿಗೆ ಬಿದ್ದವರನ್ನು ಎತ್ತುವ ತರಬೇತಿ. ಅಲ್ಲಿಂದ ಕೇಪ್‌ಟೌನ್, ಮುಂದೆ ಹಡಗು ಅಥವಾ ವಿಮಾನ. ಮಗಳಿಗೆ ಇಷ್ಟವಿದ್ದರೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಲಿ, ಆಮೇಲೆ ಭೂವಿಜ್ಞಾನವೋ ಜೀವವಿಜ್ಞಾನವೋ ಆಯ್ದುಕೊಳ್ಳಲಿ. ಭೂವಿಜ್ಞಾನವಾದರೆ ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಗೊರೂರಿನ ಹತ್ತಿರದ ಬಂಡೆಗಳು ಸುಮಾರು 330 ಕೋಟಿ ವರ್ಷ ಹಳೆಯವು, ಭಾರತದ ಅತಿ ಹಳೆಯ ಶಿಲೆಗಳ ಸಾಲಿನವು. ಒಂದು ರಜೆಯಲ್ಲಿ ಕರೆದುಕೊಂಡು ಹೋಗಿ ತೋರಿಸಿ.